ಟೊರಾಂಟೊ ಕಡೆಯ ಮೊದಲ ಜನವರಿ: ಹೊಸದಾಗಿ ಬಂದ ಗಂಡ ಹೆಂಡತಿಗೆ

ಡಿಸೆಂಬರ್‌ಗೆ ಹೆದರಬೇಡಿ. ಡಿಸೆಂಬರ್ ಇಲ್ಲಿ ಹಬ್ಬದ ತಿಂಗಳು. ಬೀದಿ ತುಂಬ ದೀಪ, ಆಫೀಸಿನಲ್ಲಿ ಪಾರ್ಟಿ, ಮಕ್ಕಳಿಗೆ ರಜೆ, ಊರಿಗೆ ಕಳಿಸಲು ಸ್ನೋ ಫೋಟೊ. ಕಷ್ಟ ಶುರುವಾಗುವುದು ಜನವರಿ 2ರಿಂದ. ದೀಪಗಳನ್ನು ಬಿಚ್ಚಿಡುತ್ತಾರೆ, ಕ್ರೆಡಿಟ್ ಕಾರ್ಡ್ ಬಿಲ್ ಬರುತ್ತದೆ, ಮುಂದಿನ ಸರ್ಕಾರಿ ರಜೆ ಅಂದರೆ ಫೆಬ್ರವರಿಯ ಮೂರನೇ ಸೋಮವಾರದ ಫ್ಯಾಮಿಲಿ ಡೇ. ಸೂರ್ಯ ಹುಟ್ಟುವಾಗ ಎಂಟಕ್ಕೆ ಹತ್ತು ನಿಮಿಷ, ಮುಳುಗುವಾಗ ಇನ್ನೂ ಐದು ಹೊಡೆದಿರುವುದಿಲ್ಲ. ಕೆಲಸಕ್ಕೆ ಹೋಗುವವರು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾರೆ. ಮನೆಯಲ್ಲಿರುವವರು ಕಿಟಕಿ ನೋಡುತ್ತಾರೆ.

ಹೊಸಬರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: ಯಾವ ಕೋಟು ತಗೋಬೇಕು? ಕೋಟು ಯಾವುದಾದರೂ ನಡೆಯುತ್ತದೆ. ಈ ತಿಂಗಳು ದಾಟೋಕೆ ಬೇಕಾಗುವುದು ಜನ. ಆ ಜನ ತಾವಾಗಿ ಬರುವುದಿಲ್ಲ, ನೀವೇ ಕೂಡಿಸಬೇಕು. ಮಿಕ್ಕಿದ್ದೆಲ್ಲ ಇದರ ಸುತ್ತ ಹೇಳುವ ಮಾತು.

ನಾವಿರುವುದು ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ. ನಾನು ಹಾಸನದ ಕಡೆಯವಳು, ನಮ್ಮನೆಯವರು ಧಾರವಾಡದವರು. ಬಂದು ಹತ್ತು ವರ್ಷದ ಮೇಲಾಯಿತು. ಮಕ್ಕಳು ಇಬ್ಬರು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಸಿನ್ ನಂಬರ್ (ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಸರ್ಕಾರಿ ಸಂಖ್ಯೆ), ಹೆಲ್ತ್ ಕಾರ್ಡ್, ಬ್ಯಾಂಕ್ ಖಾತೆ, ಮಕ್ಕಳ ಸ್ಕೂಲು ಎಲ್ಲ ಬಂದ ವಾರದಲ್ಲೇ ಮಾಡಿಕೊಳ್ಳಿ. ಊರಿಂದ ಹೊರಡುವಾಗಲೇ ಡ್ರೈವಿಂಗ್ ಅನುಭವದ ಅಧಿಕೃತ ಪತ್ರ ತನ್ನಿ. ಫ್ಯಾಮಿಲಿ ಡಾಕ್ಟರ್ ಹುಡುಕೋಕೆ ಶುರು ಮಾಡಿ, ಸಿಕ್ಕಾಗ ವಿಟಮಿನ್ ಡಿ ಬಗ್ಗೆ ಕೇಳಿ. ಚಳಿ ಬಟ್ಟೆ ಬೆಂಗಳೂರಿನಲ್ಲಿ ಕೊಳ್ಳಬೇಡಿ. ಅಲ್ಲಿನ ಅಂಗಡಿಯವರಿಗೆ ಮೈನಸ್ 20 ಎಂದರೆ ಒಂದು ಸಂಖ್ಯೆ ಅಷ್ಟೆ.

ಕಾರು ಇದ್ದರೆ ಸ್ನೋ ಬೀಳುವ ಮುಂಚೆಯೇ ಚಳಿಗಾಲದ ಟೈರ್ ಹಾಕಿಸಿ. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಟೊರಾಂಟೊ ಇರುವ ಈ ಒಂಟಾರಿಯೊ ಪ್ರಾಂತ್ಯದಲ್ಲಿ ಅದು ಕಡ್ಡಾಯವಲ್ಲ, ಆದರೆ 2016ರಿಂದ ವಿಮೆ ಕಂಪನಿಗಳು ಇದಕ್ಕೆ ರಿಯಾಯಿತಿ ಕೊಡಲೇಬೇಕು. ಕೇಳದಿದ್ದರೆ ಅವರೂ ಸುಮ್ನೆ ಇರುತ್ತಾರೆ, ಕೇಳಿ. ಗಾಜು ತೊಳೆಯುವ ದ್ರವ ಮೈನಸ್ 40ರದ್ದೇ ಇರಲಿ. ಮನೆ ಮುಂದಿನ ಮಂಜುಗಡ್ಡೆ ಕರಗಿಸೋಕೆ ಉಪ್ಪಿನ ಮೂಟೆಯೊಂದು ಮನೆಯಲ್ಲಿರಲಿ, ಆದರೆ ಮೈನಸ್ 10ಕ್ಕಿಂತ ಕೆಳಗೆ ಹೋದರೆ ಸಾದಾ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಗ ಮರಳು ಹಾಕಬೇಕು. ಬೂಟಿನ ಮೇಲೆ ಬಿಳಿ ಉಪ್ಪಿನ ಗೆರೆ ಬಿದ್ದರೆ ನೀರಿಗೆ ಸ್ವಲ್ಪ ವಿನಿಗರ್ ಹಾಕಿ ಒರೆಸಿ.

ಸ್ನೋ ಎತ್ತುವುದರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಬರೀ ಸ್ನೋ ಕೆಲಸ ಅಲ್ಲ. ಊರಲ್ಲಿ ಅಂಗಳ ಗುಡಿಸಿ ಗೊತ್ತಿಲ್ಲದ ಗಂಡಸು ಇಲ್ಲಿ ಬೆಳಗ್ಗೆ ಆರು ಗಂಟೆಗೆ ಸಲಿಕೆ ಹಿಡಿದು ನಿಲ್ಲಬೇಕು. ಬೆವರು ಸುರಿಸಿ ಡ್ರೈವ್‌ವೇ ಖಾಲಿ ಮಾಡಿ, ಒಳಗೆ ಬಂದು ಕಾಫಿ ಲೋಟ ಕೈಗೆ ತಗೊಂಡ ಕೂಡಲೇ ನಗರಸಭೆಯ ಪ್ಲೌ ಗಾಡಿ ಬರುತ್ತದೆ. ಬೀದಿಯ ಸ್ನೋ ಎಲ್ಲ ತಳ್ಳಿಕೊಂಡು ಬಂದು ನಿಮ್ಮ ಡ್ರೈವ್‌ವೇ ಬಾಯಿಗೆ ಅಡ್ಡಲಾಗಿ ಒಂದು ಗೋಡೆ ಕಟ್ಟಿ ಹೋಗುತ್ತದೆ. ಅದು ಹತ್ತಿಯ ಹಾಗಿರುವ ಸ್ನೋ ಅಲ್ಲ, ಒದ್ದೆ, ಕಲ್ಲು. ನಮ್ಮನೆಯವರು ಮೊದಲ ವರ್ಷ ಆ ಗಾಡಿಯನ್ನು ಬೈದ ಬೈಗುಳ ಧಾರವಾಡದಲ್ಲಿ ಕೂಡ ನಾನು ಕೇಳಿರಲಿಲ್ಲ. ಈಗ ಪ್ಲೌ ಬಂದು ಹೋಗುವವರೆಗೂ ಒಳಗೇ ಕೂತಿರುತ್ತಾರೆ.

ಎತ್ತುವುದಕ್ಕಿಂತ ತಳ್ಳಿ. ಎದ್ದ ತಕ್ಷಣ, ಹೊಟ್ಟೆ ತುಂಬ ತಿಂದ ತಕ್ಷಣ ಬೇಡ. ವಯಸ್ಸು ಐವತ್ತರ ಹತ್ತಿರ ಇದ್ದು ಬಿಪಿ, ಶುಗರ್ ಇದ್ದರೆ ದುಡ್ಡು ಕೊಟ್ಟು ಮಾಡಿಸಿ. ಪ್ರತಿ ಚಳಿಗಾಲ ಇಲ್ಲಿ ಸ್ನೋ ಎತ್ತುವಾಗ ಎದೆ ಹಿಡಿದುಕೊಂಡವರ ಸುದ್ದಿ ಬರುತ್ತದೆ. ನಿಮ್ಮ ಸ್ನೋ ರಸ್ತೆಗೆ, ಪಕ್ಕದ ಮನೆ ಕಡೆಗೆ ಎಸೆಯಬೇಡಿ. ಪಕ್ಕದಲ್ಲಿ ವಯಸ್ಸಾದವರಿದ್ದರೆ ಅವರ ಕಾಲುದಾರಿಯನ್ನೂ ಒಂದು ಸಲ ತಳ್ಳಿಬಿಡಿ. ಬೇಸಿಗೆಯಲ್ಲಿ ಬೇಲಿ ಆಚೆಯಿಂದ ಕೈ ಬೀಸಿ ಒಳಗೆ ಹೋಗುವ ಜನ ಜನವರಿಯಲ್ಲಿ ಸಲಿಕೆ ಊರಿಕೊಂಡು ನಿಂತು ಮಾತಾಡುತ್ತಾರೆ. ನಮಗೆ ನೆರೆಹೊರೆ ಅಂತ ಆಗಿದ್ದೇ ಸಲಿಕೆಯಿಂದ.

ಇನ್ನು ಮನೆಯೊಳಗೆ. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಜನವರಿಯಲ್ಲಿ ಗಂಡ ಹೆಂಡತಿ ಜಗಳ ಜಾಸ್ತಿ. ವಿಷಯ ದೊಡ್ಡದೇನೂ ಇರುವುದಿಲ್ಲ. ಥರ್ಮೋಸ್ಟಾಟ್ 20ಕ್ಕಿರಬೇಕಾ 22ಕ್ಕಿರಬೇಕಾ? ಒದ್ದೆ ಬೂಟನ್ನು ಟ್ರೇನಲ್ಲಿಡದೆ ಬಾಗಿಲ ಮುಂದೆ ಬಿಟ್ಟಿದ್ದು ಯಾರು? ಕೋಟು ಅಡುಗೆಮನೆ ಪಕ್ಕದ ಕ್ಲಾಸೆಟ್‌ನಲ್ಲಿ ತೂಗುಹಾಕಿ ಒಗ್ಗರಣೆ ವಾಸನೆ ಹಿಡಿಸಿದ್ದು ಯಾರು? ಈ ಕೊನೆಯದು ನಿಜವಾಗಿಯೂ ಮುಖ್ಯ. ಕಿಟಕಿ ತೆಗೆಯದ ಮನೆಯಲ್ಲಿ ಇಂಗಿನ ವಾಸನೆ ಉಣ್ಣೆ ಬಟ್ಟೆಗೆ ಕೂತರೆ ವಾರಗಟ್ಟಲೆ ಹೋಗುವುದಿಲ್ಲ. ಕ್ಲಾಸೆಟ್ ಬಾಗಿಲು ಮುಚ್ಚಿ, ಒಲೆ ಮೇಲಿನ ಫ್ಯಾನ್ ಹಾಕಿ, ಆಮೇಲೆ ಸಾಸಿವೆ ಹಾಕಿ.

ಊರಿಗೆ ಫೋನ್ ಮಾಡುವುದೂ ಜಗಳದ ಮೂಲ. ಚಳಿಗಾಲದಲ್ಲಿ ನಮಗೂ ಊರಿಗೂ ಹತ್ತೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಒಂಬತ್ತೂವರೆ. ವಾರದ ದಿನ ನಾವು ಪುರುಸೊತ್ತಾಗುವ ಹೊತ್ತಿಗೆ ಅಲ್ಲಿ ಬೆಳಗಿನ ಗಡಿಬಿಡಿ. ಅಲ್ಲಿ ಅವರು ಆರಾಮಾಗಿ ಕೂರುವ ಸಂಜೆ ನಮಗೆ ಬೆಳಗ್ಗೆ. ಹಾಗಾಗಿ ಎರಡೂ ಕಡೆಗೆ ಹೊಂದುವುದು ಶನಿವಾರ, ಭಾನುವಾರದ ಬೆಳಗ್ಗೆ ಎಂಟು ಗಂಟೆ ಮಾತ್ರ. ಅದು ಯಾರ ಅಮ್ಮನಿಗೆ? ನಾವು ತುಂಬ ದಿನ ಇದನ್ನು ಬಾಯಿಬಿಟ್ಟು ಮಾತಾಡದೆ ಮನಸ್ಸಿನಲ್ಲೇ ಇಟ್ಟುಕೊಂಡು ಮುಖ ಊದಿಸಿಕೊಂಡೆವು. ಈಗ ಶನಿವಾರ ಹಾಸನ, ಭಾನುವಾರ ಧಾರವಾಡ. ನಗು ಬರುತ್ತೆ ಅಲ್ವಾ? ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಹಾಗೇ ಬರೆದಿದೆ.

ಇಬ್ಬರಲ್ಲಿ ಒಬ್ಬರು ಕೆಲಸಕ್ಕೆ ಹೋಗಿ ಇನ್ನೊಬ್ಬರು ಮನೆಯಲ್ಲಿದ್ದರೆ, ಜನವರಿಯ ಭಾರವೆಲ್ಲ ಮನೆಯಲ್ಲಿರುವವರ ಮೇಲೆ. ಅದು ಸಾಮಾನ್ಯವಾಗಿ ಹೆಂಡತಿ, ಈಗೀಗ ಗಂಡನೂ ಇರುತ್ತಾನೆ. ನಾನು ಮೊದಲ ಚಳಿಗಾಲ ಕಾರು ಕಲಿಯದೆ, ಬಸ್ ಹತ್ತದೆ, ಕೈಗೂಸು ಎತ್ತಿಕೊಂಡು ಮನೆಯಲ್ಲೇ ಕೂತೆ. ಇವರು ಸಂಜೆ ಬಂದಾಗ ಇಡೀ ದಿನದ ಮಾತನ್ನು ಅವರ ಮೇಲೆ ಸುರಿಯುತ್ತಿದ್ದೆ. ಅವರಿಗೆ ಇಡೀ ದಿನ ಇಂಗ್ಲಿಷ್ ಮಾತಾಡಿ ಬಾಯಿ ಸಾಕಾಗಿರುತ್ತಿತ್ತು. ಅವರು ಸುಮ್ಮನಿದ್ದರೆ ನನಗೆ ಕೋಪ, ನನಗೆ ಕೋಪ ಬಂದರೆ ಅವರು ಇನ್ನೂ ಸುಮ್ಮನೆ. ಇಬ್ಬರ ತಪ್ಪೂ ಅಲ್ಲ ಅದು. ಊರಲ್ಲಾಗಿದ್ದರೆ ಆ ಮಾತು ಪಕ್ಕದ ಮನೆ ಆಂಟಿ, ಹೂವಿನವಳು, ಅತ್ತಿಗೆ, ಅಕ್ಕ ಇವರಿಗೆಲ್ಲ ಹಂಚಿಹೋಗುತ್ತಿತ್ತು. ಒಬ್ಬನೇ ಗಂಡ ಅಷ್ಟು ಜನದ ಕೆಲಸ ಮಾಡಲಾರ.

ಆದ್ದರಿಂದ ಮನೆಯಲ್ಲಿರುವವರು ದಿನಕ್ಕೊಂದು ಸಲ ಹೊರಗೆ ಹೋಗಲೇಬೇಕು. ಆರು ವರ್ಷದೊಳಗಿನ ಮಗು ಇದ್ದರೆ ಅರ್ಲಿಆನ್ ಕೇಂದ್ರಗಳಿವೆ, ಒಂಟಾರಿಯೊ ಪೂರ್ತಿ ಇವೆ, ದುಡ್ಡಿಲ್ಲ. ಮಗು ಆಡುತ್ತದೆ, ನೀವು ಇನ್ನೊಬ್ಬ ತಾಯಿಯ ಹತ್ತಿರ ಕೂತು ಮಾತಾಡಬಹುದು. ಪಿಆರ್ (ಕಾಯಂ ವಾಸದ ಅನುಮತಿ) ಇದ್ದವರಿಗೆ ಲಿಂಕ್ ಅನ್ನುವ ಸರ್ಕಾರದ ಇಂಗ್ಲಿಷ್ ತರಗತಿ ಉಚಿತ. ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಜಂಭ ಬೇಡ, ಒಮ್ಮೆ ಹೋಗಿ ವಿಚಾರಿಸಿ. ಇಲ್ಲಿನ ಲೈಬ್ರರಿಗೆ ಸುಮ್ನೆ ಹೋಗಿ ಕೂತರೂ ಯಾರೂ ಏನೂ ಕೇಳುವುದಿಲ್ಲ. ಏನು ಸಹಾಯ ಎಲ್ಲಿ ಸಿಗುತ್ತದೆ ಅಂತ ಗೊತ್ತಾಗದಿದ್ದರೆ 211ಕ್ಕೆ ಫೋನ್ ಮಾಡಿ. ಮನಸ್ಸು ತೀರಾ ಕುಸಿದು ಬದುಕೇ ಬೇಡ ಅನ್ನಿಸಿದರೆ 988. ಹಗಲೂ ರಾತ್ರಿ ಎತ್ತುತ್ತಾರೆ. ನಮ್ಮವರು ಇಂಥ ಮಾತನ್ನು ಆಡುವುದಿಲ್ಲ. ಆಡದೆ ನರಳಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಆ ಎರಡು ನಂಬರ್ ಇಲ್ಲಿ ಬರೆದಿದ್ದು.

ಈಗ ಜನರನ್ನು ಕರೆಯುವ ವಿಷಯ. ಇಲ್ಲಿ ನನ್ನ ಹೊಟ್ಟೆಯುರಿ ಸ್ವಲ್ಪ ಹೊರಗೆ ಬರುತ್ತದೆ, ಸಹಿಸಿಕೊಳ್ಳಿ.

ನಮಗೆ ಗೊತ್ತಿದ್ದ ರೀತಿ ಒಂದೇ. ಬಾಗಿಲು ತೆರೆದಿರುತ್ತದೆ, ಯಾರೋ ಹೇಳದೆ ಕೇಳದೆ ಬರುತ್ತಾರೆ, ಕಾಫಿ ಆಗುತ್ತದೆ, ಊಟದ ಹೊತ್ತಾದರೆ ಊಟವೂ ಆಗುತ್ತದೆ. ಇಲ್ಲಿ ಬಾಗಿಲು ತೆರೆದಿಟ್ಟರೆ ಗ್ಯಾಸ್ ಬಿಲ್ ಬರುತ್ತದೆ, ಜನ ಬರುವುದಿಲ್ಲ. ಯಾರೂ ಬರಲಿಲ್ಲ ಅಂದರೆ ನಾವು ಏನು ಅಂದುಕೊಳ್ಳುತ್ತೇವೆ? ಇಲ್ಲಿನ ಕನ್ನಡದವರಿಗೆ ಸೊಕ್ಕು, ದುಡ್ಡು ನೋಡಿ ಬದಲಾದರು. ನಾನೂ ಹಾಗೇ ಅಂದುಕೊಂಡಿದ್ದೆ. ಇವರು ಮಾತ್ರ, "ಅವರೂ ನಮ್ಹಂಗ ಮನ್ಯಾಗ ಕುಂತಿರಬೇಕು ನೋಡು, ಯಾರರೆ ಕರೀಲಿ ಅಂತ" ಅನ್ನುತ್ತಿದ್ದರು. ಸರಿಯಾಗೇ ಹೇಳಿದ್ದರು. ಆಗ ಒಪ್ಪಲಿಲ್ಲ ನಾನು.

ಕೊನೆಗೆ ಕರೆದೆ. ಕರೆದ ರೀತಿ ನೋಡಿ. ನಾಲ್ಕು ಮನೆಯವರು, ಜನವರಿಯ ಒಂದು ಶನಿವಾರ. ಬಿಸಿಬೇಳೆಬಾತು, ಪೂರಿ, ಸಾಗು, ಎರಡು ಪಲ್ಯ, ಕೋಸಂಬರಿ, ಆಂಬೊಡೆ, ಹೋಳಿಗೆ, ಪಾಯಸ. ಶುಕ್ರವಾರ ರಾತ್ರಿಯಿಡೀ ನಿದ್ದೆಯಿಲ್ಲ. ಹೋಳಿಗೆ ಬೇಯಿಸುವಾಗ ಸ್ಮೋಕ್ ಅಲಾರಂ ಕೂಗಿ, ಇವರು ಕುರ್ಚಿ ಹತ್ತಿ ಟವೆಲ್ ಬೀಸುತ್ತಾ ನಿಂತಿದ್ದರು. ಬಂದವರೆಲ್ಲ ಕೈ ತೊಳೆಯುವವರೆಗೂ ಹೊಗಳಿದರು. ನನಗೆ ನೆಲ ಕಾಣಲಿಲ್ಲ. ಆಮೇಲೆ? ಯಾರೂ ನಮ್ಮನ್ನು ಕರೆಯಲಿಲ್ಲ. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ನನಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಉಂಡು ಹೋದ ಕೊಂಡು ಹೋದ ಅನ್ನುವ ಹಾಗೆ ಆಯಿತಲ್ಲ ಅಂತ ಅತ್ತೂಬಿಟ್ಟೆ.

ಅವರಲ್ಲೊಬ್ಬರು ಆಮೇಲೆ ಒಳ್ಳೆ ಸ್ನೇಹಿತೆಯಾದರು. ಎಷ್ಟೋ ದಿನದ ಮೇಲೆ ಅವರೇ ಬಾಯಿಬಿಟ್ಟರು: "ನಿಮ್ಮನೆ ಊಟ ಆದ ಮೇಲೆ ನಿಮ್ಮನ್ನ ಕರೆಯೋಕೆ ಭಯ ಆಯ್ತು ಕಣ್ರೀ. ನಾವಿಬ್ರೂ ಕೆಲಸಕ್ಕೆ ಹೋಗೋರು. ಅಷ್ಟೆಲ್ಲ ಯಾವಾಗ ಮಾಡೋದು? ಉಪ್ಪಿಟ್ಟು ಮಾಡಿ ಕರೆದ್ರೆ ನೀವೇನಂದ್ಕೋತೀರೋ ಅಂತ."

ನಾನು ಮಾಡಿದ್ದು ಸತ್ಕಾರ ಅಂತ ತಿಳಿದಿದ್ದೆ. ಅವರಿಗೆ ಅದು ಸಾಲ ಹೊರಿಸಿದ ಹಾಗಾಗಿತ್ತು. ಊರಲ್ಲಾದರೆ ಅಷ್ಟು ಅಡುಗೆಗೆ ನಾಲ್ಕು ಜನ ಹೆಂಗಸರು ಕೂಡುತ್ತಾರೆ, ತೆಂಗಿನಕಾಯಿ ತುರಿಯಲು ಒಬ್ಬರು, ಪಾತ್ರೆಗೆ ಒಬ್ಬರು. ಇಲ್ಲಿ ಒಬ್ಬಳೇ ಮಾಡಿ, ಮಾಡಿದ್ದನ್ನು ತೋರಿಸಿ, ಸುತ್ತಲಿನವರ ಬಾಯಿ ಮುಚ್ಚಿಸಿಬಿಡುತ್ತೇವೆ. ನಮ್ಮ ಕನ್ನಡದವರ ಮನೆಗಳಲ್ಲಿ ಈ ರೋಗ ಈಗಲೂ ಇದೆ. ಒಂದು ಮನೆಯಲ್ಲಿ ಎರಡು ಸಿಹಿ, ಮುಂದಿನ ಮನೆಯಲ್ಲಿ ಮೂರು, ಅದರ ಮುಂದಿನವರು ಕೇಟರಿಂಗ್ ತರಿಸುತ್ತಾರೆ, ನಾಲ್ಕನೆಯವರು ಕರೆಯುವುದನ್ನೇ ಬಿಡುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆದ್ದು ಹೂವಿನ ಚಿತ್ರ ಕಳಿಸುವ ಎಷ್ಟೋ ಜನ ಒಬ್ಬರ ಮನೆ ಹೊಸಿಲು ಇನ್ನೊಬ್ಬರು ತುಳಿದಿಲ್ಲ.

ಈಗ ನಮ್ಮ ಮನೆಯ ಪದ್ಧತಿ ಹೇಳುತ್ತೇನೆ, ಬೇಕಾದರೆ ಕದ್ದುಕೊಳ್ಳಿ. ಜನವರಿಯ ಶುಕ್ರವಾರಗಳಲ್ಲಿ ಸಾರು ಅನ್ನ. ಮೆಸೇಜಿನಲ್ಲೇ ಬರೆಯುತ್ತೇವೆ: ಬರೀ ಸಾರು, ಅನ್ನ, ಹಪ್ಪಳ, ಮೊಸರು, ಉಪ್ಪಿನಕಾಯಿ. ಏನೂ ತರಬೇಡಿ. ಆರೂವರೆಗೆ ಬನ್ನಿ, ಮಕ್ಕಳು ಮಲಗುವ ಹೊತ್ತಿಗೆ ಹೊರಡಿ. ಸಿಹಿ ಮಾಡಲೇಬಾರದು ಅಂತ ನನ್ನ ಕೈ ನಾನೇ ಕಟ್ಟಿಕೊಂಡಿದ್ದೇನೆ. ಒಂದು ಸಲಕ್ಕೆ ಒಂದು ಅಥವಾ ಎರಡು ಮನೆ ಸಾಕು. ಮೊದಲ ಸಲ ಜನ ನಂಬಲಿಲ್ಲ. ಬಂದು ನೋಡಿದರೆ ನಿಜವಾಗಿಯೂ ಸಾರನ್ನ! ಮುಂದಿನ ವಾರ ಅವರ ಮನೆಯಿಂದ ಕರೆ ಬಂತು, ಅವಲಕ್ಕಿಗೆ.

ಕರೆಯುವಾಗ ಕೆಲವು ಗೊತ್ತಿರಲಿ. ಹವಾಮಾನ ಕೆಟ್ಟು ಐದು ನಿಮಿಷ ಮುಂಚೆ ಬರಲ್ಲ ಅಂದರೆ ಬೇಜಾರು ಮಾಡಿಕೊಳ್ಳಬಾರದು. ಊರಲ್ಲಿ ಅದು ಅವಮಾನ, ಇಲ್ಲಿ ಮಳೆ ಬಿದ್ದ ಹಾಗೇ ರಸ್ತೆ ಮೇಲೆ ಗಾಜಾಗುವ ರಾತ್ರಿಯಲ್ಲಿ ಬರದಿರುವುದೇ ಬುದ್ಧಿ. ಬ್ರಾಂಪ್ಟನ್, ಮಿಸ್ಸಿಸಾಗದಲ್ಲಿ ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಮಾತು ಮುಗಿಯದೆ ಯಾರಾದರೂ ಉಳಿದುಕೊಂಡರೆ ಅವರ ಕಾರನ್ನು ಡ್ರೈವ್‌ವೇಗೆ ತೆಗೆದುಕೊಳ್ಳಿ, ಇಲ್ಲವಾದರೆ ಬೆಳಗ್ಗೆ ಗಾಜಿನ ಮೇಲೆ ದಂಡದ ಚೀಟಿ. ಬಾಗಿಲಲ್ಲಿ ದೊಡ್ಡ ಟ್ರೇ ಇಡಿ, ಕೋಟುಗಳಿಗೆ ಒಂದು ಹಾಸಿಗೆ ಖಾಲಿ ಬಿಡಿ. ಹೋಗುವವರು ಕಾಲುಚೀಲ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ. ಸೀರೆ ಉಡುವವರು ಬೂಟು ಹಾಕಿಕೊಂಡು, ಚಪ್ಪಲಿ ಚೀಲದಲ್ಲಿ ತಗೊಂಡು, ನೆರಿಗೆ ಎತ್ತಿ ಹಿಡಿದೇ ಕಾರಿಂದ ಇಳಿಯಿರಿ. ಮೈಸೂರು ಸಿಲ್ಕಿನ ಅಂಚಿಗೆ ರಸ್ತೆ ಉಪ್ಪಿನ ನೀರು ತಾಗಿದರೆ ಏನಾಗುತ್ತದೆ ಎಂದು ನನ್ನ ಮದುವೆಯ ಸೀರೆ ನೋಡಿದರೆ ಗೊತ್ತಾಗುತ್ತದೆ.

ಸಂಕ್ರಾಂತಿ ಈ ತಿಂಗಳಲ್ಲಿ ಬರುವುದು ದೊಡ್ಡ ಪುಣ್ಯ. ನಮ್ಮ ಮನೆಯಲ್ಲಿ ಅದು ಎರಡು ಹಬ್ಬ. ನನಗೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ, ಸಕ್ಕರೆ ಅಚ್ಚು, ಕಬ್ಬು. ಅವರಿಗೆ ಹಿಂದಿನ ದಿನದ ಭೋಗಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕುಸುರೆಳ್ಳು. ಮದುವೆಯಾದ ಹೊಸದರಲ್ಲಿ ಯಾವುದು ನಿಜವಾದ ಸಂಕ್ರಾಂತಿ ಅಂತ ವಾದ ಮಾಡಿದ್ದೇವೆ. ಇಲ್ಲಿ ಬಂದ ಮೇಲೆ ವಾದ ನಿಂತಿತು. ಎರಡರಲ್ಲಿ ಯಾವ ಸಾಮಾನು ಸಿಕ್ಕಿದರೂ ಖುಷಿ.

ಸಾಮಾನು ಸಿಗುತ್ತದೆ. ಕೊಬ್ಬರಿ, ಬೆಲ್ಲ ಇಂಡಿಯನ್ ಅಂಗಡಿಗಳಲ್ಲಿ, ಕಬ್ಬು ಹೆಚ್ಚಾಗಿ ಚೀನೀ ಅಂಗಡಿಗಳಲ್ಲಿ. ಕೊಬ್ಬರಿ ಹೆಚ್ಚಿ ಬಿಸಿಲಿಗೆ ಹಾಕುವುದು ಹೇಗೆ ಅಂತ ಚಿಂತೆ ಬೇಡ. ಹೀಟರ್ ಉರಿಯುವ ಮನೆಯ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ತಟ್ಟೆಯಲ್ಲಿ ಹರಡಿಟ್ಟರೆ ಒಣಗಿಬಿಡುತ್ತದೆ. ಅದೇ ಗಾಳಿ ಮಕ್ಕಳ ಮೂಗಲ್ಲಿ ರಕ್ತ ಬರಿಸುತ್ತದೆ, ಅವರ ಕೋಣೆಗೊಂದು ಹ್ಯುಮಿಡಿಫೈಯರ್ ಇಡಿ. ಇಡ್ಲಿ ಹಿಟ್ಟು, ಮೊಸರಿನ ಹೆಪ್ಪು ಎರಡನ್ನೂ ಓವನ್ನಿನೊಳಗೆ ಇಟ್ಟು ದೀಪ ಮಾತ್ರ ಹಾಕಿ. ಓವನ್ ಹಾಕಬೇಡಿ. ಬಾಗಿಲ ಮೇಲೆ ಚೀಟಿ ಅಂಟಿಸಿ, ಯಾಕೆಂದರೆ ಮನೆಯಲ್ಲಿ ಇನ್ನೊಬ್ಬರು ಪಿಜ್ಜಾ ಬಿಸಿ ಮಾಡಲು ನೋಡದೆ ಹಚ್ಚಿಬಿಡುತ್ತಾರೆ.

ಅವರೆಕಾಳಿನದು ಮಾತ್ರ ಬೇರೆ ಕಥೆ. ಫ್ರೀಜರಿನಲ್ಲಿ ಸುರ್ತಿ ಪಾಪಡಿ ಲಿಲ್ವಾ ಅಂತ ಬರೆದಿರುವ ಗುಜರಾತಿ ಪ್ಯಾಕೆಟ್ ನೋಡಿ, ಅದೇ. ಉಪ್ಪಿಟ್ಟಿಗೆ, ಹುಳಿಗೆ ನಡೆಯುತ್ತದೆ. ನೆನೆಸಿ ಹಿಸುಕಿದರೆ ಹಿಸುಕಿದ ಬೇಳೆಯೂ ಆಗುತ್ತದೆ. ಆದರೆ ಸೊಗಡಿಲ್ಲ. ಜನವರಿಯಲ್ಲಿ ನಮ್ಮ ಕಡೆ ಇಡೀ ಬೀದಿಯೇ ಅವರೆಸಿಪ್ಪೆ ವಾಸನೆ ಹೊಡೆಯುತ್ತಿತ್ತು. ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯವರು ಮೊರದ ಸುತ್ತ ಕೂತು ಸುಲಿಯುತ್ತಾ ಯಾರದೋ ಸಂಸಾರದ ಕಥೆ ಹೇಳುತ್ತಿದ್ದರು. ಮಕ್ಕಳು ಕಿವಿಗೊಟ್ಟು ಕೂತಿರುತ್ತಿದ್ದೆವು. ಪ್ಯಾಕೆಟ್ಟಿನಲ್ಲಿ ಸುಲಿದೇ ಬರುತ್ತದೆ. ಕೆಲಸ ಸುಲಭ, ಕೂರುವುದಕ್ಕೆ ನೆಪವೇ ಇಲ್ಲ.

ಎಳ್ಳು ಬೀರುವುದು ಕನ್ನಡದವರ ಮನೆಗಷ್ಟೇ ಅಂತ ಇಟ್ಟುಕೊಳ್ಳಬೇಡಿ. 2022ರ ಜನವರಿಯಲ್ಲಿ ಕೋವಿಡ್ ನಿಯಮ, ಒಳಗೆ ಐದು ಜನಕ್ಕಿಂತ ಜಾಸ್ತಿ ಸೇರುವ ಹಾಗಿಲ್ಲ. ಕಟ್ಟಿಟ್ಟ ಎಳ್ಳಿನ ಪೊಟ್ಟಣಗಳು ಹಾಗೇ ಉಳಿದವು. ಹಬ್ಬ ಕಳೆದು ಬಂದ ಸೋಮವಾರ, 17ನೇ ತಾರೀಕು, ಮಕ್ಕಳು ಮತ್ತೆ ಸ್ಕೂಲಿಗೆ ಹೋಗಬೇಕಿತ್ತು. ಅವತ್ತೇ ಆ ದೊಡ್ಡ ಸ್ನೋ ಬಿದ್ದಿದ್ದು, ಟೊರಾಂಟೊ ನಡುಪಟ್ಟಣದಲ್ಲಿ ಅರ್ಧ ಮೀಟರ್ ದಾಟಿತ್ತು. ಸ್ಕೂಲು ಇಲ್ಲ, ಆಫೀಸಿಲ್ಲ, ಇಡೀ ಬೀದಿ ಸಲಿಕೆ ಹಿಡಿದು ಹೊರಗೆ. ದೊಡ್ಡ ಮಗಳು ಪೊಟ್ಟಣಗಳನ್ನು ಜೇಬಿಗೆ ತುಂಬಿಕೊಂಡು ಮನೆ ಮನೆಗೂ ಕೊಟ್ಟು ಬಂದಳು. ಎದುರು ಮನೆಯ ಪಂಜಾಬಿ ಅಜ್ಜಿಗೆ ಎಳ್ಳು ಅಂದರೇನು ಎಂದು ಹೇಳಬೇಕಾಗಲಿಲ್ಲ. ಅವರ ಲೋಹ್ರಿ 13ಕ್ಕೆ ಆಗಿತ್ತು, ಅದರಲ್ಲೂ ಎಳ್ಳು, ಬೆಲ್ಲವೇ. ಒಳಗೆ ಹೋಗಿ ರೇವಡಿ, ಗಜಕ್ ತಂದು ಅವಳ ಟೋಪಿ ತುಂಬಿಸಿದರು. ಅವತ್ತು ಇವರು ಸ್ನೋ ನಡುವೆ ನಿಂತು, ಅವರ ಕಡೆ ಹೇಳುವ ಹಾಗೆ "ಎಳ್ಳು ಬೆಲ್ಲ ತಗೊಂಡು ನಾವೂ ನೀವೂ ಎಳ್ಳು ಬೆಲ್ಲದ್ಹಂಗ ಇರೋಣು" ಅಂತ ಕನ್ನಡದಲ್ಲೇ ಅಂದರು. ಅಜ್ಜಿ ಪಂಜಾಬಿಯಲ್ಲಿ ಏನೋ ಅಂದರು. ಅರ್ಥ ಯಾರಿಗಾಯಿತೋ ದೇವರೇ ಬಲ್ಲ. ಆಮೇಲಿಂದ ನಮ್ಮ ಬೀದಿಯಲ್ಲಿ ಎಳ್ಳು ಬರದಿದ್ದರೆ ಕೇಳುತ್ತಾರೆ.

ಮಕ್ಕಳ ಬಗ್ಗೆ. ಮೈನಸ್ 10 ಇದ್ದರೂ ಸ್ಕೂಲಿನಲ್ಲಿ ಆಟಕ್ಕೆ ಹೊರಗೆ ಬಿಡುತ್ತಾರೆ. ಗಾಬರಿಯಾಗಿ ಚೀಟಿ ಬರೆದು ಕಳಿಸಬೇಡಿ. ಸ್ನೋ ಪ್ಯಾಂಟ್, ಎರಡು ಜೊತೆ ಕೈಗವಸು ಕೊಡಿ. ಚಿಕ್ಕವರಿಗೆ ಬೆರಳು ಬೇರೆ ಬೇರೆ ಇರುವುದು ಬೇಡ, ಒಂದೇ ಚೀಲದಂಥದ್ದು. ಮಫ್ಲರ್ ಬದಲು ಕತ್ತಿಗೆ ತೊಡಿಸುವ ಪಟ್ಟಿ. ಎಲ್ಲದರ ಮೇಲೂ ಹೆಸರು ಬರೆಯಿರಿ. ಕಾರಿನ ಸೀಟಿನಲ್ಲಿ ದಪ್ಪ ಕೋಟಿನ ಮೇಲೆ ಬೆಲ್ಟ್ ಹಾಕಬಾರದು, ಸಡಿಲ ಉಳಿಯುತ್ತದೆ. ಕೋಟು ಬಿಚ್ಚಿ ಬೆಲ್ಟ್ ಬಿಗಿದು ಮೇಲೆ ಹೊದಿಸಿ. ಸ್ಕೂಲ್ ಬಸ್ ರದ್ದಾದರೆ ಸ್ಕೂಲು ರದ್ದು ಅಂತಲ್ಲ, ಎರಡೂ ಬೇರೆ. ಸ್ಕೇಟಿಂಗ್ ಕಲಿಸಿ, ನೀವೂ ಕಲಿಯಿರಿ. ಬಿದ್ದರೆ ಏನಾಗುತ್ತೋ ಅಂತ ನಾವು ಅಂಚಿನಲ್ಲಿ ಥರ್ಮಾಸ್ ಹಿಡಿದು ನಿಲ್ಲುತ್ತೇವೆ. ಮಗು ಒಂದೇ ಮಧ್ಯಾಹ್ನದಲ್ಲಿ ಆ ಅಂಚಿನಿಂದ ನಡುವಿಗೆ ಹೋಗಿಬಿಡುತ್ತದೆ, ಆಮೇಲೆ ತಿರುಗಿ ನೋಡುವುದಿಲ್ಲ. ಜೊತೆಗೆ ಹೋಗಬೇಕು ಅಂದರೆ ನಮ್ಮ ಕಾಲಿಗೂ ಸ್ಕೇಟ್ ಬೇಕು.

ಭಾಷೆಯೂ ಹಾಗೇ ಹೋಗುವುದು. ಇಲ್ಲಿ ಮಗುವಿಗೆ ನಾಲ್ಕು ತುಂಬುವ ವರ್ಷ ಸೆಪ್ಟೆಂಬರ್‌ನಲ್ಲಿ ಜೆಕೆ, ಅಂದರೆ ಜೂನಿಯರ್ ಕಿಂಡರ್‌ಗಾರ್ಟನ್ ಶುರು. ಜನವರಿ ಹೊತ್ತಿಗೆ ಮಗು ಆಟದ ಸಾಮಾನಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿರುತ್ತದೆ. ನಮ್ಮ ದೊಡ್ಡವಳು ಕನ್ನಡ ಮಾತಾಡುತ್ತಾಳೆ, ಹಾಸನ ಧಾರವಾಡ ಎರಡೂ ಕಲಸಿ. ಚಿಕ್ಕವನಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. ಅವನು ಹುಟ್ಟುವ ಹೊತ್ತಿಗೆ ನಾವು ಸುಸ್ತಾಗಿದ್ದೆವು, ಚಳಿಗಾಲದಲ್ಲಿ ಕೈಗೆ ಐಪ್ಯಾಡ್ ಕೊಟ್ಟು ಕೂರಿಸಿದೆವು. ಅದನ್ನು ಈಗ ಯಾವ ಬೇಸಿಗೆ ಶಿಬಿರವೂ ಸರಿ ಮಾಡುತ್ತಿಲ್ಲ. ಊರಿಗೆ ಫೋನ್ ಮಾಡಿದರೆ "ಅಜ್ಜಿ ಊಟ ಆಯ್ತಾ" ಅಂತ ಒಂದು ಕೇಳಿ ಓಡಿಬಿಡುತ್ತಿದ್ದ. ಈಗ ಫೋನನ್ನು ಅವನ ಕೈಗೇ ಕೊಟ್ಟು ಹಿತ್ತಲಿಗೆ ಕಳಿಸುತ್ತೇನೆ, ಅಜ್ಜಿಗೆ ಸ್ನೋ ತೋರಿಸು ಅಂತ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. "ಅದು ತಣ್ಣಗಿರತ್ತಾ? ತಿನ್ನಬಹುದಾ? ದನ ಕರು ಎಲ್ಲಿ ಕಟ್ಟುತ್ತಾರೆ?" ಅಂತ ಕೇಳುತ್ತಾರೆ. ಅವನು ಕನ್ನಡದಲ್ಲಿ ತಡವರಿಸಲೇಬೇಕು. ತಡವರಿಸುತ್ತಾನೆ, ಸಾಕು.

ಸಂಘದ ಕನ್ನಡ ತರಗತಿ ಇದ್ದರೆ ಸೇರಿಸಿ. ಹತ್ತಿರದಲ್ಲಿಲ್ಲದಿದ್ದರೆ ಇನ್ನೊಂದು ದಾರಿಯಿದೆ, ನಮ್ಮವರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಒಂಟಾರಿಯೊದಲ್ಲಿ ಒಂದು ಭಾಷೆಗಾಗಿ 23 ಮಕ್ಕಳ ತಂದೆತಾಯಿ ಬರೆದು ಕೇಳಿದರೆ ಸ್ಕೂಲ್ ಬೋರ್ಡ್ ಆ ಭಾಷೆಯ ತರಗತಿ ನಡೆಸಬೇಕು ಅಂತ ನಿಯಮವಿದೆ. 23 ಮಕ್ಕಳು! ಒಂದು ಗಣೇಶ ಹಬ್ಬದಲ್ಲಿ ಅದರ ಮೂರು ಪಟ್ಟು ಮಕ್ಕಳು ಓಡಾಡುತ್ತಿರುತ್ತಾರೆ. ಸಹಿ ಹಾಕಿಸೋಕೆ ಮನೆ ಮನೆಗೆ ಹೋಗಬೇಕು. ಹೋಗುವಷ್ಟು ಬಳಕೆ ಇರಬೇಕು. ನೋಡಿ, ಮತ್ತೆ ಸಾರನ್ನಕ್ಕೇ ಬಂದೆ.

ಕೊನೆಗೆ ಅಪ್ಪ ಅಮ್ಮ. ಸೂಪರ್ ವೀಸಾ ಸಿಕ್ಕರೆ ಒಂದು ಸಲ ಬಂದವರು ಐದು ವರ್ಷದವರೆಗೂ ಇರಬಹುದು. ಇರಬಹುದು ಅಂತ ಜನವರಿಯಲ್ಲಿ ಕರೆಸಬೇಡಿ. ಮೇ ತಿಂಗಳಿಗೆ ಟಿಕೆಟ್ ಮಾಡಿ, ಮೊದಲ ಸಲ ಸೆಪ್ಟೆಂಬರ್ ಕೊನೆಗೆ ಕಳಿಸಿಬಿಡಿ. ನಮ್ಮ ಅತ್ತೆ ಬಂದಿದ್ದು ಚಳಿಗಾಲದಲ್ಲೇ, ಬಾಣಂತನ ಆ ಲೆಕ್ಕಕ್ಕೆ ಬಿತ್ತು, ಏನು ಮಾಡೋದು. ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಬೀದಿ ನೋಡಿ ನೋಡಿ, "ಈ ಊರಾಗ ಮಂದಿ ಅದಾರೋ ಇಲ್ಲೋ?" ಅಂದರು. ಕೊಬ್ಬರಿ ಎಣ್ಣೆ ಬಾಟಲಿನಲ್ಲಿ ಕಲ್ಲಾಗಿದ್ದಕ್ಕೂ ನನ್ನನ್ನೇ ಬೈದರು.

ಅಂಥ ಪರಿಸ್ಥಿತಿ ಬಂದರೆ ಅವರನ್ನು ಮಾಲ್‌ಗೆ ಕರೆದುಕೊಂಡು ಹೋಗಿ. ಅಂಗಡಿಗಲ್ಲ, ನಡೆಯೋಕೆ. ಮಿಸ್ಸಿಸಾಗದ ಸ್ಕ್ವೇರ್ ಒನ್‌ನಲ್ಲಿ ಬೆಳಗ್ಗೆ ನೋಡಿ, ವಯಸ್ಸಾದವರು ಬೂಟಿನ ಬದಲು ಶೂ ಹಾಕಿಕೊಂಡು ಸುತ್ತು ಹೊಡೆಯುತ್ತಿರುತ್ತಾರೆ. ಅತ್ತೆ ಮೊದಲ ದಿನ ಬೆಂಚಿನ ಮೇಲೆ ಮುಖ ಬಿಗಿದು ಕೂತರು. ಆಮೇಲೆ ಲುಧಿಯಾನಾ ಕಡೆಯ ಒಬ್ಬರು, ಜಾಫ್ನಾ ಕಡೆಯ ಒಬ್ಬರು ಜೊತೆಯಾದರು. ಮೂವರಿಗೂ ಬರುವ ಭಾಷೆ ಒಂದೂ ಇಲ್ಲ. ಸೊಸೆಯಂದಿರ ಬಗ್ಗೆ ಏನೇನು ಮಾತಾಡಿಕೊಂಡರು ಅಂತ ನಾನು ಕೇಳಲಿಲ್ಲ. ಬೆಳಗ್ಗೆ ಒಂಬತ್ತಕ್ಕೆಲ್ಲ ಸ್ವೆಟರ್ ಹಾಕಿಕೊಂಡು, ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಂಡು, ಬಾಗಿಲ ಹತ್ತಿರ ನಿಂತು "ಬಸ್ ತಪ್ತದ ಲಗೂನ ನಡಿ" ಅನ್ನುತ್ತಿದ್ದರು. ಬಸ್ಸಿಗೆ ಬಳಸುವ ಪ್ರೆಸ್ಟೊ ಕಾರ್ಡ್ ಮಾಡಿಸಿಕೊಡಿ, ಹಿರಿಯರಿಗೆ ದರ ಕಡಿಮೆ. ಕಾರ್ಡಿನ ಹಿಂದೆ ನಿಮ್ಮ ಫೋನ್ ನಂಬರ್ ಬರೆದು ಅಂಟಿಸಿ.